ಒಂದು ಬಾಟಲಿ ನೀರಿನಿಂದ ಸಮುದ್ರದ ಜೀವಿಗಳನ್ನೆಲ್ಲ ಪಟ್ಟಿ ಮಾಡಬಹುದೇ?

ಬಲೆ ಬೀಸದೆ, ನೀರಿಗಿಳಿಯದೆ, ಒಂದು ಬಾಟಲಿ ನೀರಿನಿಂದಲೇ ಸಮುದ್ರದಲ್ಲಿ ಏನೇನಿದೆ, ಅದರ ಆರೋಗ್ಯ ಹೇಗಿದೆ ಎಂದು ತಿಳಿಯಬಹುದಂತೆ, ನಿಜವೇ ಎಂದು ಕೇಳಿದ್ದೀರಿ. ಇಂಥ ನೀರನ್ನು ಸೋಸುವುದೇ ನನ್ನ ಕೆಲಸ. ಏನೇನಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಎಷ್ಟಿದೆ ಎಂದು ಕೇಳಿದರೆ ನಾನು ತಡವರಿಸುತ್ತೇನೆ.

ಮೀನು ಈಜುತ್ತ ಲೋಳೆ, ಹುರುಪೆ, ಮಲವನ್ನು ಬಿಟ್ಟುಹೋಗುತ್ತದೆ. ಅದರಲ್ಲಿರುವ ಡಿಎನ್‌ಎಯನ್ನು ಹಿಡಿಯಲು ಒಂದೆರಡು ಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರಗಳ ಫಿಲ್ಟರ್‌ನಲ್ಲಿ ಹಾಯಿಸುತ್ತೇವೆ. ತಿಳಿನೀರಾದರೆ ಬೇಗ ಮುಗಿಯುತ್ತದೆ. ಕೆಸರು, ಪಾಚಿ ಇದ್ದರೆ ಅರ್ಧ ಲೀಟರಿಗೇ ಕಟ್ಟಿಕೊಂಡು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ಕೂರಬೇಕು. ಕೊನೆಗೆ ಉಳಿಯುವುದು ನಾಣ್ಯದಗಲದ ಕಂದು ಕಲೆ. ಅದರ ಡಿಎನ್‌ಎ ತೆಗೆದು, ಮೀನುಗಳಿಗಾದರೆ 2015ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಮಿಫಿಶ್ ಪ್ರೈಮರ್‌ಗಳಿಂದ (ಮೀನಿನ ಡಿಎನ್‌ಎಗೆ ಅಂಟಿಕೊಳ್ಳುವ ಚಿಕ್ಕ ಡಿಎನ್‌ಎ ತುಣುಕುಗಳು) ಸುಮಾರು 170 ಡಿಎನ್‌ಎ ಅಕ್ಷರಗಳ ಭಾಗವೊಂದನ್ನು ಪಿಸಿಆರ್ ಎಂಬ ನಕಲು ಮಾಡುವ ವಿಧಾನದಲ್ಲಿ ಹೆಚ್ಚಿಸಿ, ಓದಿ, ಗೊತ್ತಿರುವ ಜೀವಿಗಳ ದತ್ತಾಂಶದೊಂದಿಗೆ ಹೋಲಿಸುತ್ತೇವೆ. ದತ್ತಾಂಶದಲ್ಲಿಲ್ಲದ ಜೀವಿಗೆ ಹೆಸರು ಸಿಗುವುದಿಲ್ಲ, ಅಷ್ಟೇ.

ಈ ವಿಧಾನದ ಬಲವೂ ಕೊರತೆಯೂ ಒಟ್ಟಿಗೆ ಕಂಡದ್ದು ಅಮೆರಿಕದ ಮಾಂಟೆರೆ ಬೇ ಅಕ್ವೇರಿಯಮ್‌ನ ದೊಡ್ಡ ತೊಟ್ಟಿಯಲ್ಲಿ. ಒಳಗೆ ಏನೇನಿದೆಯೆಂದು ಅಲ್ಲಿ ಮೊದಲೇ ಗೊತ್ತಿತ್ತು. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೂಳೆಮೀನುಗಳು ಚೆನ್ನಾಗಿಯೇ ಪತ್ತೆಯಾದವು. ಕಣ್ಣೆದುರೇ ಈಜುತ್ತಿದ್ದ ಶಾರ್ಕ್ ಬಳಗದ ಮೀನುಗಳೂ ಕಡಲಾಮೆಯೂ ಪತ್ತೆಯಾಗಲಿಲ್ಲ. ತೊಟ್ಟಿಯಲ್ಲಿ ವಾಸವೇ ಇಲ್ಲದ ಮೆನ್ಹೇಡನ್ ಮೀನು ಮಾತ್ರ ಹಾಜರಿತ್ತು; ಅದು ಉಳಿದವಕ್ಕೆ ಹಾಕಿದ ಆಹಾರ! ಆದ್ದರಿಂದ ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಸಮುದ್ರದಲ್ಲೂ ಇಲ್ಲ ಎನ್ನುವ ವರದಿಯನ್ನು ನಾನು ನಂಬುವುದಿಲ್ಲ. ಜೀವಿಯ ವಯಸ್ಸು, ಗಾತ್ರ, ಅದು ಬದುಕಿತ್ತೋ ಸತ್ತಿತ್ತೋ ಎಂಬುದೂ ಪಟ್ಟಿಯಿಂದ ತಿಳಿಯದು.

ಹಾಗೆಂದು ಕಡೆಗಣಿಸುವಂಥದ್ದಲ್ಲ. ಯುನೆಸ್ಕೋ 21 ಸಾಗರ ಪರಂಪರೆ ತಾಣಗಳಲ್ಲಿ ಸಾಮಾನ್ಯ ಜನರ ನೆರವಿನಿಂದ ನೀರು ಸಂಗ್ರಹಿಸಿ ಸುಮಾರು 4,500 ಪ್ರಭೇದಗಳನ್ನು ಗುರುತಿಸಿತು. ಬಲೆಯಿಂದ ಇದು ಎಲ್ಲಿ ಸಾಧ್ಯ?

ಇನ್ನು ಆರೋಗ್ಯದ ಮಾತು. ಒಂದು ದಿನದ ಪಟ್ಟಿ ಒಂದು ದಿನದ ನಾಡಿ ಮಾತ್ರ. ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ವರ್ಷಗಟ್ಟಲೆ ನೀರು ತೆಗೆದರೆ ಹೊರಗಿನಿಂದ ನುಗ್ಗಿದ ಜೀವಿ, ಮೆಲ್ಲಗೆ ಮರೆಯಾಗುತ್ತಿರುವ ಜೀವಿ ಕಾಣತೊಡಗುತ್ತವೆ. ಮೀನು ಸಾಕುವ ಪಂಜರಗಳ ಕೆಳಗಿನ ಕೆಸರಿನಲ್ಲಂತೂ ಬ್ಯಾಕ್ಟೀರಿಯಾಗಳ ಬಳಗ ಬದಲಾಗುವುದೇ ಮಾಲಿನ್ಯದ ಸುಳಿವು.

ಯಾರಾದರೂ ಇಂಥ ಪಟ್ಟಿ ತೋರಿಸಿದರೆ, ಮೊದಲು ಖಾಲಿ ಮಾದರಿಯ ಫಲಿತಾಂಶ ಕೇಳಿ. ಸಮುದ್ರದ ನೀರಿನ ಜೊತೆಗೆ ಒಂದು ಬಾಟಲಿ ಶುದ್ಧ ನೀರನ್ನೂ ನಾವು ಸೋಸುತ್ತೇವೆ. ಅದರಲ್ಲಿ ಏನೂ ಸಿಗಬಾರದು. ಒಮ್ಮೆ ನನ್ನ ಶುದ್ಧ ನೀರಿನಲ್ಲಿ ಮೂರು ಜಾತಿಯ ಮೀನುಗಳು ಸಿಕ್ಕವು. ಹಿಂದಿನ ಡಿಎನ್‌ಎ ನಾಶವಾಗಲೆಂದು ಚಿಮುಟವನ್ನು ಬ್ಲೀಚ್‌ನಲ್ಲಿ ಅದ್ದಬೇಕು, ಅದನ್ನು ಮರೆತಿದ್ದೆ. ಆ ದಿನದ ಎಲ್ಲ ಮಾದರಿಗಳನ್ನೂ ಎಸೆಯಬೇಕಾಯಿತು.