ಮುಂಬೈಯಲ್ಲಿ ಟಿವಿ ರಿಪೋರ್ಟರ್ ಆಗಲು ಆ್ಯಂಕರಿಂಗ್ ಕೋರ್ಸ್ ಬೇಕೇ?

ಡೊಂಬಿವಲಿಯಲ್ಲಿ ಬೆಳೆದವರು, ಮನೆಮಾತು ಕನ್ನಡ, ಡಿಗ್ರಿ ಮುಗಿದಿದೆ, ರಿಪೋರ್ಟರ್ ಆಗಲು ಆ್ಯಂಕರಿಂಗ್ ಕೋರ್ಸಿಗೆ ಸೇರಲೇ ಎಂದು ಕೇಳಿದ್ದೀರಿ. ಆ ದುಡ್ಡು ಉಳಿಸಿ ಎನ್ನುತ್ತೇನೆ. ಫೀಲ್ಡಿನಲ್ಲಿ ಮೊದಲು ಬೇಕಾದ್ದು ಧ್ವನಿ ಹಿಡಿಯುವ ಕಲೆ. ದೃಶ್ಯ ಸ್ವಲ್ಪ ಅಲುಗಿದರೂ ಡೆಸ್ಕಿನವರು ಹೇಗೋ ಸಂಭಾಳಿಸುತ್ತಾರೆ; ಬೈಟ್ (ಕ್ಯಾಮೆರಾ ಮುಂದೆ ಒಬ್ಬರು ಆಡಿದ ಮಾತು) ಕೇಳಿಸದಿದ್ದರೆ ಸುದ್ದಿ ಬಿದ್ದೇಹೋಯಿತು.

ರಾಜ್ಯ ಸರ್ಕಾರದ ಸಚಿವಾಲಯವಾದ ಮಂತ್ರಾಲಯದ ಹೊರಗೆ ಮಂತ್ರಿಯೊಬ್ಬರು ನಿಂತರೆ ಹತ್ತಾರು ಚಾನೆಲ್ ಮೈಕ್, ಅಂದರೆ ಬೂಮ್‌ಗಳು ಒಟ್ಟಿಗೆ ನುಗ್ಗುತ್ತವೆ. ನಿಮ್ಮದು ಅವರ ಗಲ್ಲದ ಕೆಳಗೆ, ಒಂದು ಗೇಣು ದೂರದಲ್ಲಿರಲಿ. ಕ್ಯಾಮೆರಾಮನ್ ಹೆಡ್‌ಫೋನ್ ಹಾಕಿದ್ದಾರೆಯೇ ನೋಡಿ. ಕ್ಯಾಮೆರಾದ ಧ್ವನಿ ಮೀಟರ್ ಕುಣಿದರೆ ಸಾಲದು, ಅದಕ್ಕೆ ಬೆಸ್ಟ್ ಸಿಟಿ ಬಸ್ಸೂ ಒಂದೇ, ಮಂತ್ರಿಯೂ ಒಂದೇ. ಒಂದೂವರೆ ನಿಮಿಷದ ಪ್ಯಾಕೇಜಿಗೆ (ಎಡಿಟ್ ಮಾಡಿ ಸಿದ್ಧಪಡಿಸಿದ ವರದಿಗೆ) 10–15 ಸೆಕೆಂಡಿನ ಎರಡು ಬೈಟ್ ಸಾಕು. ಹೊರಡುವ ಮುನ್ನ ಅರ್ಧ ನಿಮಿಷ ಬರೀ ಸುತ್ತಲಿನ ಸದ್ದು ರೆಕಾರ್ಡ್ ಮಾಡಿಸಿ. ಎಡಿಟರ್ ನಿಮ್ಮನ್ನು ಹರಸುತ್ತಾರೆ.

ಲೈವ್‌ನದ್ದು ಬೇರೆಯೇ ಗೋಳು. ಬೆನ್ನಿಗೆ ಹಾಕುವ ಲೈವ್ ಯೂನಿಟ್‌ನಲ್ಲಿ ಬೇರೆ ಬೇರೆ ಕಂಪನಿಯ ಹಲವು ಸಿಮ್‌ಗಳಿದ್ದರೂ, ಅನಂತ ಚತುರ್ದಶಿಯಂದು ಗಿರ್‌ಗಾಂವ್ ಚೌಪಾಟಿಯಲ್ಲಿ ಜನ ಸೇರಿದ ಮೇಲೆ ಎಲ್ಲವೂ ಒಟ್ಟಿಗೆ ಸುಸ್ತಾಗುತ್ತವೆ. ಅಂಥ ಕಡೆ ಉಪಗ್ರಹದ ಮೂಲಕ ಲೈವ್ ಕಳಿಸುವ ಓಬಿ ವ್ಯಾನ್ ಕೇಳಿ. ಸ್ಟುಡಿಯೋದ ಪ್ರಶ್ನೆ ಎರಡು ಸೆಕೆಂಡ್ ತಡವಾಗಿ ಬರುತ್ತದೆ, ಅದು ಪೂರ್ತಿ ಮುಗಿಯುವವರೆಗೆ ಬಾಯಿ ತೆರೆಯಬೇಡಿ. ಇಯರ್‌ಪೀಸ್‌ನಲ್ಲಿ ನಿಮ್ಮದೇ ದನಿ ಮರಳಿ ಬಂದರೆ ನಾಲಿಗೆ ತೊದಲತೊಡಗುತ್ತದೆ: ಸ್ಟುಡಿಯೋದ ಕಂಟ್ರೋಲ್ ರೂಮ್ ಆದ ಪಿಸಿಆರ್‌ಗೆ 'ಮಿಕ್ಸ್ ಮೈನಸ್ ಕೊಡಿ' (ನನ್ನ ದನಿ ಬಿಟ್ಟು ಉಳಿದದ್ದು ಕಳಿಸಿ) ಎನ್ನಿ. ಕೊಡದಿದ್ದರೆ ಇಯರ್‌ಪೀಸ್ ಕಿತ್ತು ಮಾತು ಮುಗಿಸಿ, ಮತ್ತೆ ಹಾಕಿಕೊಳ್ಳಿ.

ಇಲ್ಲಿನ ರಿಪೋರ್ಟರಿಗೆ ಜುಲೈಯೇ ಪರೀಕ್ಷೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಮೀ ಸುರಿದ ಮೇಲೆ ಮಳೆ ಇಲ್ಲಿ ಮಾಮೂಲಿ ಹವಾಮಾನ ಸುದ್ದಿಯಾಗಿ ಉಳಿದಿಲ್ಲ. ಬೆಳಗ್ಗೆಯೇ ಭರತದ (ಸಮುದ್ರದ ಉಬ್ಬರದ) ವೇಳೆ ನೋಡಿಕೊಳ್ಳಿ. ಭರತ 4.5 ಮೀಟರ್ ದಾಟುವ ಹೊತ್ತಿಗೇ ಜೋರು ಮಳೆಯಾದರೆ ಚರಂಡಿ ನೀರು ಸಮುದ್ರಕ್ಕಿಳಿಯದು. ನೀರು ನಿಲ್ಲುವ ಹಿಂದ್‌ಮಾತಾ, ಅಂಧೇರಿ ಸಬ್‌ವೇ ಕಡೆ ಮೊದಲೇ ತಲುಪಿರಬೇಕು. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾದ ಲೆನ್ಸ್ ಆ ಸೆಕೆಯಲ್ಲಿ ತಕ್ಷಣ ಮಂಜುಗಟ್ಟುತ್ತದೆ, ಎಷ್ಟು ಒರೆಸಿದರೂ ಮತ್ತೆ ಮತ್ತೆ. ತಲುಪುವ ಕಾಲು ಗಂಟೆ ಮುಂಚೆ ಎಸಿ ಆರಿಸಿ, ಗಾಜು ಇಳಿಸಿ.

ಕನ್ನಡ ಚಾನೆಲ್ಲಿಗೇ ದುಡಿದರೂ ಮರಾಠಿ ಬಿಟ್ಟು ನಡೆಯದು. ಪೊಲೀಸರು 'ತಾಬ್ಯಾತ್ ಘೇತಲಂ' ಎಂದರೆ ವಶಕ್ಕೆ ಪಡೆದಿದ್ದಾರೆ ಎಂದಷ್ಟೇ. 'ಅಟಕ್ ಕೇಲಿ' ಎಂದರೆ ಮಾತ್ರ ಬಂಧನ. ಇದನ್ನು ಅದಲುಬದಲು ಮಾಡಿ ಬ್ರೇಕಿಂಗ್ ಕೊಟ್ಟರೆ ಸಂಜೆಗೆ ಕ್ಷಮೆ ಕೇಳಬೇಕಾದೀತು. ಅತ್ಯಾಚಾರ ಸಂತ್ರಸ್ತೆಯ ಗುರುತು ಬೀದಿಯ ಹೆಸರಿನಿಂದಲೂ ಬಯಲಾಗಬಾರದು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ನಡೆದಿರುವಾಗ ಲೈವ್‌ಗೆ 2015ರಿಂದ ನಿಯಮವೇ ಅಡ್ಡ. ಗೊತ್ತುಪಡಿಸಿದ ಅಧಿಕಾರಿ ಆಗಾಗ ಹೇಳಿದ್ದಷ್ಟೇ ಸುದ್ದಿ.

ಕೆಲಸ ಸಿಗುವ ದಾರಿ: ಕನ್ನಡ ಚಾನೆಲ್‌ಗಳು ಇಲ್ಲಿ ಹೆಚ್ಚಾಗಿ ಸ್ಟ್ರಿಂಗರ್‌ಗಳನ್ನೇ ನೆಚ್ಚಿಕೊಂಡಿವೆ, ಸಂಬಳವಿಲ್ಲ, ಸ್ಟೋರಿಗಿಷ್ಟು ಎಂದು ಲೆಕ್ಕ. ಅದರಿಂದ ಬಾಡಿಗೆ ಹುಟ್ಟದು. ಹಾಗಾಗಿ ಮರಾಠಿ ಅಥವಾ ಹಿಂದಿ ಚಾನೆಲ್ಲಿನಲ್ಲಿ ರಿಪೋರ್ಟರ್‌ಗಳಿಗೆ ಕೆಲಸ ಹಂಚುವ ಅಸೈನ್‌ಮೆಂಟ್ ಡೆಸ್ಕಿನಲ್ಲಿ ಇಂಟರ್ನ್ ಆಗಿ ಶುರುಮಾಡಿ. ಅರ್ಜಿಯ ಜೊತೆ ಫೋಟೊಶೂಟ್ ಬೇಡ. ಫೋನಿನಲ್ಲಿ, 20 ಸೆಕೆಂಡಿನ ಪಿ-ಟು-ಸಿ (ಕ್ಯಾಮೆರಾ ನೋಡಿ ನೀವೇ ಆಡುವ ಮಾತು) ಸೇರಿಸಿ, ನಿಮ್ಮ ಡೊಂಬಿವಲಿ ಸ್ಟೇಷನ್ನಿನ ಬೆಳಗಿನ ನೂಕುನುಗ್ಗಲಿನ ಮೇಲೆ ಒಂದು ಸ್ಟೋರಿ ಮಾಡಿ ಕಳಿಸಿ. ಪ್ಲಾಟ್‌ಫಾರ್ಮ್ ಮೇಲೆ ಅನುಮತಿ ಇಲ್ಲದೆ ಶೂಟ್ ಮಾಡಬೇಡಿ, ಹೊರಗಿನ ರಸ್ತೆಯಲ್ಲೇ ಬೇಕಾದಷ್ಟು ಸಿಗುತ್ತದೆ.