ಊಟ ಸರಿಯಿಲ್ಲದಿದ್ದರೆ ಜಂತುಹುಳು ಹೆಚ್ಚಾಗುತ್ತವೆಯೇ? ಹಾರ್ಮೋನಿಗೂ ಇದಕ್ಕೂ ಏನು ಸಂಬಂಧ?

ಹುಳು ಮೈಸೇರುವುದು ಮಲ ಬೆರೆತ ಮಣ್ಣು, ತೊಳೆಯದ ಕೈ, ಬರಿಗಾಲಿನ ಮೂಲಕ. ಸಿಹಿ ತಿಂದದ್ದರಿಂದಲ್ಲ, ಅಜ್ಜಿಯಂದಿರು ಏನೇ ಹೇಳಲಿ! ಆದರೆ ಒಳಬಂದ ಹುಳು ಅಲ್ಲೇ ಬೀಡುಬಿಡುತ್ತದೋ ಹೊರಬೀಳುತ್ತದೋ ಎನ್ನುವುದರಲ್ಲಿ ಊಟದ ಪಾತ್ರ ದೊಡ್ಡದು.

ಹುಳುವನ್ನು ಹೊರದಬ್ಬಲು ಕರುಳು ಹೆಚ್ಚು ಲೋಳೆ ಸುರಿಸಬೇಕು, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಹುಳುವಿನ ವಿರುದ್ಧ ಹೋರಾಡಲು ನೆರವಾಗುವ ಐಜಿಇ ಎಂಬ ಪ್ರತಿಕಾಯಗಳೂ ತಯಾರಾಗಬೇಕು. ಇದನ್ನೆಲ್ಲ ಮುನ್ನಡೆಸುವವು ಟಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು. ಪ್ರೋಟೀನ್, ಸತು ಸಾಲದಿದ್ದರೆ ಈ ಕೆಲಸ ಕುಂಟುತ್ತದೆ.

ಹಾರ್ಮೋನು ಬರುವುದು ಇಲ್ಲಿಯೇ. ಊಟ ಸಾಲದೆ ಮೈಯ ಕೊಬ್ಬು ಕರಗಿದಂತೆ ಅದು ಸ್ರವಿಸುವ ಲೆಪ್ಟಿನ್ ಕುಸಿಯುತ್ತದೆ. 1994ರಲ್ಲಿ ಪತ್ತೆಯಾದ ಈ ಹಾರ್ಮೋನು ಹಸಿವನ್ನು ಹದದಲ್ಲಿಡುವುದಷ್ಟೇ ಅಲ್ಲ, ಟಿ ಕಣಗಳಿಗೂ ಆಸರೆ. ಅತ್ತ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿ ರೋಗನಿರೋಧಕ ವ್ಯವಸ್ಥೆಯನ್ನು ಅದುಮುತ್ತದೆ. ಎರಡೂ ಸೇರಿದಾಗ, ಟಿ ಕಣಗಳು ಬಲಿಯುವ ಥೈಮಸ್ ಗ್ರಂಥಿಯೇ ಸೊರಗುತ್ತದೆ. ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ.

ಪ್ರಯೋಗಾಲಯದಲ್ಲಿ ಪ್ರೋಟೀನ್ ಕಡಿಮೆ ಕೊಟ್ಟ ಇಲಿಗಳ ಕರುಳಿನಲ್ಲಿ ಹುಳುಗಳು ಹೆಚ್ಚು ಕಾಲ ಬದುಕಿವೆ. ಕುರಿಗಳ ವಿಷಯ ಇನ್ನೂ ಸ್ವಾರಸ್ಯಕರ. ಮರಿ ಹಾಕುವ ಆಸುಪಾಸಿನಲ್ಲಿ ಅವುಗಳ ಹಿಕ್ಕೆಯಲ್ಲಿ ಹುಳುಮೊಟ್ಟೆ ಏರುತ್ತವೆ. ಇದಕ್ಕೆ ಆಗಿನ ಹಾರ್ಮೋನು ಏರಿಳಿತವೇ ಕಾರಣವೆಂದು ಬಹುಕಾಲ ನಂಬಿದ್ದರು. ಆದರೆ ಪ್ರೋಟೀನ್ ಹೆಚ್ಚಿರುವ ಮೇವು ಕೊಟ್ಟಾಗ ಮೊಟ್ಟೆಗಳ ಸಂಖ್ಯೆ ತಗ್ಗಿತು. ಅಂದರೆ ಹಾರ್ಮೋನಷ್ಟೇ ಅಲ್ಲ, ಮೇವಿನ ಪಾತ್ರವೂ ಇದೆ.

ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆ, ಮತ್ತೆ ಬರುವುದನ್ನು ತಡೆಯದು. ಕೊಕ್ಕೆಹುಳುವಂತೂ ರಕ್ತ ಹೀರಿ ಕಬ್ಬಿಣಾಂಶವನ್ನು ಬರಿದಾಗಿಸುತ್ತದೆ. ಹಾಗಾಗಿ ಮಾತ್ರೆಯ ಜೊತೆಗೆ ಶೌಚಾಲಯ, ಚಪ್ಪಲಿ, ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಸೊಪ್ಪು ಎಲ್ಲವೂ ಬೇಕು.