ಮದುವೆಯ ಹಾಡಲ್ಲಿ ವೀಸಾ ಮಾತು ಯಾಕೆ?

ಪ್ರಶ್ನೆ: ಅಮೆರಿಕದ ಒಂದು ಪಾಪ್ ಹಾಡು ಕೇಳಿದೆ. ಇಬ್ಬರು ಗಂಡಸರ ಪ್ರೀತಿ. ಒಬ್ಬ ಅಲ್ಲಿನವನು, ಇನ್ನೊಬ್ಬ ಹೊರದೇಶದವನು. ಮದುವೆ ಹಕ್ಕಿನ ಹಾಡು ಅಂದುಕೊಂಡರೆ ಮಧ್ಯೆ ಮಧ್ಯೆ ವೀಸಾ, ಗಡಿಪಾರು ಅಂತ ಬರುತ್ತದೆ. ಇವಕ್ಕೂ ಮದುವೆಗೂ ಏನು ಸಂಬಂಧ? ಪಾಪ್ ಹಾಡಿಗೆ ಇಷ್ಟೆಲ್ಲ ಭಾರ ಬೇಕಾ?
— ಒಬ್ಬ ಓದುಗ

ಉತ್ತರ: ತುಂಬಾ ಹತ್ತಿರದ ಸಂಬಂಧ ಇದೆ. ಅಮೆರಿಕದ ಪ್ರಜೆಯೊಬ್ಬರು ಹೊರದೇಶದವರನ್ನು ಮದುವೆಯಾದರೆ ಅವರಿಗಾಗಿ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ಒಂದೇ ಲಿಂಗದ ಜೋಡಿಗಳಿಗೆ ಮಾತ್ರ 2013ರವರೆಗೂ ಈ ದಾರಿ ಮುಚ್ಚಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 2004ರಿಂದಲೇ ಇಂಥ ಮದುವೆಗಳು ನಡೆಯುತ್ತಿದ್ದವು, ನಿಜ. ಆದರೆ ವೀಸಾ ಕೊಡುವುದು ರಾಜ್ಯವಲ್ಲ, ಕೇಂದ್ರ ಸರ್ಕಾರ. ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು ಅಂತ 1996ರ ಕೇಂದ್ರ ಕಾನೂನು ಹೇಳಿಬಿಟ್ಟಿತ್ತು. ಕೈಯಲ್ಲಿ ಮದುವೆ ಸರ್ಟಿಫಿಕೇಟ್ ಇದ್ದರೂ ವೀಸಾ ಮುಗಿದರೆ ಗಂಟುಮೂಟೆ ಕಟ್ಟಬೇಕಿತ್ತು.

ಇಂಥ ಹಾಡು ಕೇಳಿದಾಗಲೆಲ್ಲ ನನಗೆ ರಿಚರ್ಡ್ ಆಡಮ್ಸ್ ಮತ್ತು ಟೋನಿ ಸಲಿವನ್ ನೆನಪಾಗುತ್ತಾರೆ. ಆಡಮ್ಸ್ ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು. ಸಲಿವನ್ ಆಸ್ಟ್ರೇಲಿಯಾದವರು. 1975ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಒಬ್ಬ ಧೈರ್ಯವಂತ ಮಹಿಳಾ ಅಧಿಕಾರಿ ಅವರಿಗೆ ಮದುವೆ ಲೈಸೆನ್ಸ್ ಕೊಟ್ಟರು. ಅದರ ಮೇಲೆ ಸಲಿವನ್‌ಗಾಗಿ ಅರ್ಜಿ ಹಾಕಿದರೆ ವಲಸೆ ಇಲಾಖೆಯಿಂದ ಏನು ಉತ್ತರ ಬಂತು ಗೊತ್ತಾ? ನಿಮ್ಮಂಥ ಇಬ್ಬರ ನಡುವೆ ನಿಜವಾದ ದಾಂಪತ್ಯ ಇರಲು ಸಾಧ್ಯವೇ ಇಲ್ಲ ಅಂತ. "ನಿಮ್ಮಂಥ" ಅನ್ನುವ ಜಾಗದಲ್ಲಿ ಒಂದು ಕೆಟ್ಟ ಬೈಗುಳ. ಸರ್ಕಾರಿ ಕಾಗದದಲ್ಲಿ! ಅವರು ಕೋರ್ಟಿಗೆ ಹೋದರು, 1982ರಲ್ಲಿ ಸೋತರು. ಆದರೂ ಬೇರೆಯಾಗಲಿಲ್ಲ. 2012ರ ಡಿಸೆಂಬರ್‌ನಲ್ಲಿ ಆಡಮ್ಸ್ ತೀರಿಕೊಂಡರು.

ಆಮೇಲೆ ಆರು ತಿಂಗಳಿಗೆ, 2013ರ ಜೂನ್ 26ರಂದು, ಸುಪ್ರೀಂ ಕೋರ್ಟ್ 1996ರ ಕಾನೂನಿನ ಆ ಭಾಗವನ್ನು ಹೊಡೆದುಹಾಕಿತು. ಆ ಕೇಸು ವೀಸಾದ್ದೂ ಅಲ್ಲ. ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಎಂಬ ಮಹಿಳೆ, ತೀರಿಕೊಂಡ ತಮ್ಮ ಹೆಂಡತಿಯ ಆಸ್ತಿಯ ಮೇಲಿನ ತೆರಿಗೆ ಪ್ರಶ್ನಿಸಿ ಹಾಕಿದ್ದು. ಅದರಿಂದ ವೀಸಾಕ್ಕಾಗಿ ಕಾದಿದ್ದ ಇಂಥ ಜೋಡಿಗಳ ದಾರಿಯೂ ತೆರೆಯಿತು. ಹಳೆಯ ಪತ್ರಕ್ಕಾಗಿ ಸಲಿವನ್ ಅವರ ಕ್ಷಮೆ ಕೇಳಿ ಇಲಾಖೆ ಪತ್ರ ಬರೆಯಿತು. 2016ರಲ್ಲಿ ಗ್ರೀನ್ ಕಾರ್ಡ್ ಬಂತು. ಆಡಮ್ಸ್ ಅವರ ಸಂಗಾತಿ ಎಂಬ ಲೆಕ್ಕದಲ್ಲೇ ಬಂತು.

ಇನ್ನು ಭಾರದ ಮಾತು. ವಿರಹದ ಹಾಡು ಯಾರಿಗೂ ಭಾರ ಅನ್ನಿಸುವುದಿಲ್ಲ, ಅಲ್ವಾ? ಇಲ್ಲಿ ವಿರಹಕ್ಕೆ ಕಾರಣ ಒಂದು ಕಚೇರಿ, ಅಷ್ಟೆ. ವೀಸಾ ಸಾಲುಗಳನ್ನು ತೆಗೆದರೆ ಆ ಇಬ್ಬರು ಯಾಕೆ ಅಳುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಪಾಪ್ ಹಾಡು ಇಂಥದ್ದನ್ನು ಹೊರಬಲ್ಲದು. ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಲಿಂಗದವರ ಮದುವೆಗೆ ಒಪ್ಪಿಗೆ ಕೇಳುವ ಜನಮತ ನಡೆಯುವ ಮುಂಚೆ, 2012ರಲ್ಲಿ, ಇಂಥ ಪ್ರೀತಿಯ ಪರವಾಗಿ "ಸೇಮ್ ಲವ್" ಎಂಬ ಹಾಡು ಬಂತು. ನವೆಂಬರ್‌ನಲ್ಲಿ ಜನ ಒಪ್ಪಿದರು. ಹಾಡಿನಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಆದರೆ 2014ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಆ ಹಾಡು ನಡೆಯುತ್ತಿದ್ದಾಗಲೇ 33 ಜೋಡಿಗಳು ಮದುವೆಯಾದವು, ಗಂಡು-ಹೆಣ್ಣು ಜೋಡಿಗಳೂ ಒಂದೇ ಲಿಂಗದ ಜೋಡಿಗಳೂ ಒಟ್ಟಿಗೇ ನಿಂತು.